ಫ್ಯಾನಿನ ಕೆಳಗೆ ಒಣಗಿದ ನಾರು

ಕಾಸ್ಟಿಕ್ ಸೋಡಾದ ವಿಷಯದಲ್ಲಿ ಈ ಹೈದರಾಬಾದಿನಲ್ಲಿ ನನ್ನಷ್ಟು ನಿಷ್ಠಾವಂತ ಇನ್ನೊಬ್ಬ ಇರಲಿಕ್ಕಿಲ್ಲ. ಹೆಂಡತಿಯ ಕೈ ಹಿಡಿಯುವುದಕ್ಕೆ ಮುಂಚೆಯೇ ನಾನು ಅದರ ಕೈ ಹಿಡಿದವನು. ಅದು ಮಾಡಿದ ಗಾಯದ ಗುರುತು ಬಲಗೈ ಹೆಬ್ಬೆರಳಿನ ಬುಡದಲ್ಲಿ ಇವತ್ತಿಗೂ ಇದೆ. ಹೆಂಡತಿ ಮಾಡಿದ ಗಾಯಗಳು ಕಣ್ಣಿಗೆ ಕಾಣುವಂಥವಲ್ಲ, ಅವು ಮಾತಿನವು. ಅವುಗಳ ಪ್ರಸ್ತಾಪ ಮುಂದೆ ಬರುತ್ತದೆ.

ನನ್ನ ಉದ್ಯೋಗ ಏನೆಂದು ಕೇಳಿದವರಿಗೆ ಕಾಗದದ ಕೆಲಸ ಅನ್ನುತ್ತಿದ್ದೆ. ಅವರು ಆಫೀಸಿನ ಗುಮಾಸ್ತ ಎಂದುಕೊಂಡು ಸುಮ್ಮನಾಗುತ್ತಿದ್ದರು. ನಾನೂ ತಿದ್ದಲು ಹೋಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಕೂಕಟ್‌ಪಲ್ಲಿಯ ಆಚೆ, ಶೆಡ್ಡುಗಳ ನಡುವೆ ಇದ್ದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ನಾನು ಹಿರಿಯ ರಸಾಯನಜ್ಞ. ಕಾಗದದ ಮಿಲ್ಲುಗಳು ನಮಗೆ ಪಲ್ಪ್ ಕಳಿಸುತ್ತಿದ್ದವು. ಪಲ್ಪ್ ಎಂದರೆ ಕಟ್ಟಿಗೆಯನ್ನು ಚೂರು ಮಾಡಿ, ಬೇಯಿಸಿ, ಅರೆದು ತೆಗೆದ ಒದ್ದೆ ಮುದ್ದೆ. ನೋಡಲು ಹಿಂದಿನ ದಿನದ ಉಪ್ಪಿಟ್ಟಿನ ಹಾಗೆ ಇರುತ್ತದೆ. ಆ ಮುದ್ದೆಯಲ್ಲಿರುವುದು ಬರೀ ನಾರು, ಕೂದಲಿಗಿಂತ ಸಣ್ಣದು. ಆ ನಾರಿನ ಮೈಯನ್ನು ರಾಸಾಯನಿಕಗಳಿಂದ ಬದಲಿಸಿ, ಅದರಿಂದ ಗಟ್ಟಿ ಕಾಗದವಾಗುವಂತೆ ಮಾಡುವುದು ನಮ್ಮ ಧರ್ಮಕಾರ್ಯ.

ಕಾಗದಕ್ಕೆ ಗಟ್ಟಿತನ ಅಂಟಿನಿಂದ ಬರುವುದಲ್ಲ ಎಂದರೆ ಜನ ನಂಬುವುದಿಲ್ಲ. ನಾರುಗಳು ಒಂದರ ಪಕ್ಕ ಒಂದು ಮಲಗುತ್ತವೆ, ನೀರು ಇಂಗಿದ ಹಾಗೆ ತಾವೇ ಹಿಡಿದುಕೊಳ್ಳುತ್ತವೆ, ಅಷ್ಟೆ. ಆದರೆ ಮರದಿಂದ ಬಂದ ನಾರು ಮೈಮೇಲೆ ಲಿಗ್ನಿನ್ ಎಂಬ ಒಂದು ಪದರ ಹೊದ್ದುಕೊಂಡೇ ಬರುತ್ತದೆ. ಮಳೆಕೋಟು ಹಾಕಿಕೊಂಡ ಇಬ್ಬರು ಅಪ್ಪಿಕೊಂಡರೆ ಎಷ್ಟು ಹತ್ತಿರವಾದಾರು? ಆ ಕೋಟು ಬಿಚ್ಚಿಸಬೇಕು. ಬಿಚ್ಚಿದರೆ ಒಳಗಿನಿಂದ ಇನ್ನೂ ಸಣ್ಣ ಎಳೆಗಳು ರೋಮದ ಹಾಗೆ ಏಳುತ್ತವೆ. ರೋಮ ಎದ್ದ ನಾರು ಪಕ್ಕದ ನಾರನ್ನು ಚೆನ್ನಾಗಿ ಹಿಡಿಯುತ್ತದೆ. ನನ್ನ ಕಾಸ್ಟಿಕ್ ಸೋಡಾ ನಾರನ್ನು ಉಬ್ಬಿಸಿ ಕೋಟನ್ನು ಸಡಿಲಿಸುತ್ತದೆ. ಪೆರಾಕ್ಸೈಡ್ ಎಂಬುದು ಕೋಟನ್ನು ತಿಂದು ತೊಳೆಯುತ್ತದೆ. ಈ ಎರಡರಲ್ಲಿ ಯಾವುದು ಮೇಲು ಎಂಬುದರ ಮೇಲೆಯೇ ನನ್ನ ಮನಶ್ಶಾಂತಿ ನಿಂತಿತ್ತು.

ಯಾಕೆಂದರೆ ಪೆರಾಕ್ಸೈಡ್ ಆಕೆಯದು.

ಆಕೆ ಬೀದರದಿಂದ ಬಂದವಳು, ಡಾಕ್ಟರೇಟ್ ಮಾಡಿದವಳು, ನನಗಿಂತ ಬಹಳ ಚಿಕ್ಕವಳು. ಇಡೀ ಪ್ರಯೋಗಾಲಯದಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಉಳಿದವರೊಡನೆ ತೆಲುಗು, ಮಾಲೀಕರೊಡನೆ ತೆಲುಗು ಹಿಂದಿ ಕಲಸಿದ್ದು. ಮೊದಲ ದಿನ ಆಕೆ ಬಂದು, ‘ಸರ, ನೀವು ನಮ್ಮ ಕಡೆಯವರಂತ, ಭಾಳ ಖುಷಿ ಆತ್ರಿ’ ಎಂದಾಗ ನನಗೂ ಖುಷಿಯಾಗಿತ್ತು. ಪರಭಾಷೆಯ ಊರಿನಲ್ಲಿ ಮಾತಾಡಲು ಒಬ್ಬರು ಸಿಕ್ಕರಲ್ಲ ಎಂದುಕೊಂಡೆ. ಹೊಟ್ಟೆಕಿಚ್ಚು ಪಡಲಿಕ್ಕೂ ಮಾತೃಭಾಷೆಯ ಮನುಷ್ಯರೇ ಬೇಕಾಗುತ್ತಾರೆಂದು ಆಗ ಗೊತ್ತಿರಲಿಲ್ಲ. ತೆಲುಗಿನವರು ಮೇಲೇರಿದರೆ ನನಗೆ ಎಂದೂ ಅಷ್ಟು ಸಂಕಟವಾಗಿಲ್ಲ.

ಸಂಕಟ ಶುರುವಾದದ್ದು ಒಂದು ಫೋಟೋದಿಂದ. ಪೆರಾಕ್ಸೈಡಿನಲ್ಲಿ ಮಿಂದ ನಾರನ್ನು ಆಕೆ, ನಮ್ಮಲ್ಲೇ ನೋಡಲೆಂದು, ತಾನೇ ಒಣಗಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆಸಿದ್ದಳು. ಆ ಯಂತ್ರ ನಮ್ಮಲ್ಲಿರಲಿಲ್ಲ. ನಾವು ಒಣಗಿಸಿಕೊಟ್ಟ ನಾರನ್ನು ಹೊರಗೆ ಕಳಿಸಿ ಫೋಟೋ ತರಿಸುತ್ತಿದ್ದೆವು. ಚಿತ್ರ ಬಂತು. ಏನು ಹೇಳಲಿ? ನಾರಿನ ಮೈತುಂಬ ಎಳೆಗಳು, ಗಾಳಿಗೆ ತೂಗುವ ಜೋಳದ ತೆನೆಯ ಹಾಗೆ. ಮಾಲೀಕರು ನೋಡಿ, ‘ಚಾಲಾ ಬಾಗುಂದಿ’, ಬಹಳ ಚೆನ್ನಾಗಿದೆ, ಎಂದರು. ಒಂದು ಸಲ ಅಂದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವರು ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಮುಂಬಾಗಿಲ ಸೋಫಾದ ಮೇಲೆ ತೂಗುಹಾಕಿದರು. ಅಲ್ಲಿ ಅಷ್ಟು ದಿನ ಇದ್ದದ್ದು ನಾನು ತೆಗೆಸಿದ್ದ ನಾರಿನ ಫೋಟೋ. ಅದು ಕೈತೊಳೆಯುವ ಬೇಸಿನ್ನಿನ ಪಕ್ಕಕ್ಕೆ ವರ್ಗವಾಯಿತು. ಊಟವಾದ ಮೇಲೆ ಎಲ್ಲರೂ ಅದರ ಮುಂದೆ ಬಾಯಿ ಮುಕ್ಕಳಿಸುತ್ತಿದ್ದರು.

ನನ್ನ ನಾರಿನ ಫೋಟೋದ ವಿಷಯವನ್ನೂ ಹೇಳಬೇಕು. ಅದು ನುಣ್ಣಗಿತ್ತು. ನನ್ನ ಎಲ್ಲ ನಾರುಗಳ ಎಲ್ಲ ಫೋಟೋಗಳೂ ನುಣ್ಣಗೇ ಇರುತ್ತಿದ್ದವು, ನನ್ನ ತಲೆಯ ಹಾಗೆ. ವರದಿಯಲ್ಲಿ ನಾನು ಪ್ರತಿ ಸಲವೂ ಗಂಭೀರವಾಗಿ ಬರೆಯುತ್ತಿದ್ದೆ: ‘ಸಂಸ್ಕರಣದ ನಂತರ ನಾರಿನ ಮೇಲ್ಮೈ ನಯವಾಗಿರುವುದು ಕಂಡುಬರುತ್ತದೆ.’ ಮಿಲ್ಲಿನವರು ಓದುತ್ತಿದ್ದರು, ಧನ್ಯವಾದ ಹೇಳುತ್ತಿದ್ದರು, ಬೇರೆ ಯಾರದೋ ಸಂಸ್ಕರಣವನ್ನು ತೆಗೆದುಕೊಂಡು ಹೋಗುತ್ತಿದ್ದರು. ನನ್ನ ಇಡೀ ಉದ್ಯೋಗಪರ್ವದಲ್ಲಿ ನನ್ನದೊಂದು ಸಂಸ್ಕರಣವೂ ಮಿಲ್ಲಿನ ದೊಡ್ಡ ಯಂತ್ರದ ಬಾಗಿಲು ದಾಟಿರಲಿಲ್ಲ. ಎಲ್ಲವೂ ಬಾಟಲಿಯಲ್ಲಿ ಹುಟ್ಟಿ ಕಪಾಟಿನಲ್ಲಿ ಲೀನವಾದಂಥವು. ಒಂದೇ ಒಂದು ಸಲ, ಮದುವೆ ಹಾಲ್‌ನಷ್ಟು ಉದ್ದದ ಆ ಯಂತ್ರದ ಬಾಯಿಯಿಂದ ನನ್ನ ನಾರು ಕಾಗದವಾಗಿ ಬರುವುದನ್ನು ಕಣ್ಣಾರೆ ನೋಡಬೇಕೆಂದು ಆಸೆ. ನಿವೃತ್ತಿಗೆ ಉಳಿದಿದ್ದುದು ಮುಂದಿನ ಬೇಸಿಗೆಯ ತನಕದ ಅವಧಿ ಮಾತ್ರ.

ಅಷ್ಟರಲ್ಲಿ ಗೋದಾವರಿ ಕಡೆಯ ಒಂದು ಮಿಲ್ಲಿನಿಂದ ಪಲ್ಪ್ ಬಂತು. ಸುಬಾಬುಲ್ ಮರದ್ದು. ಪ್ಲಾಸ್ಟಿಕ್ ಚೀಲಗಳ ಬದಲು ಅಂಗಡಿಗಳಿಗೆ ಕಾಗದದ ಚೀಲ ಬೇಕಾಗಿತ್ತು. ಈರುಳ್ಳಿ ತುಂಬಿದರೂ ತಳ ಕಿತ್ತುಹೋಗದಂಥದ್ದು. ನಾವು ಎರಡು ದಾರಿ ತೋರಿಸಬೇಕು, ಮಿಲ್ಲಿನ ಮುಖ್ಯ ರಸಾಯನಜ್ಞರು ಬಂದು ನೋಡಿ ಒಂದನ್ನು ಆರಿಸಬೇಕು, ಅದನ್ನು ದೊಡ್ಡ ಯಂತ್ರದಲ್ಲಿ ಓಡಿಸಬೇಕು. ಒಂದು ದಾರಿ ನನ್ನದು, ಇನ್ನೊಂದು ಯಾರದೆಂದು ಹೇಳಬೇಕಾಗಿಲ್ಲ.

ಕಾಚಿಗೂಡದ ಮನೆಯಲ್ಲಿ ಆ ದಿನಗಳಲ್ಲಿ ನಾನು ಊಟಕ್ಕೆ ಕೂತರೆ ಹೆಂಡತಿ ಮೊದಲು ಕೇಳುತ್ತಿದ್ದುದು, ‘ಇವತ್ತ ಬೀದರದಾಕಿ ಏನ್ ಮಾಡಿದ್ಲು?’ ಎಂದು. ನಾನು ಸೋಡಾದ ಪ್ರಮಾಣ, ನೀರಿನ ಬಿಸಿ ಎಂದೆಲ್ಲ ಶುರುಮಾಡಿದರೂ ಎರಡು ತುತ್ತು ಮುಗಿಯುವಷ್ಟರಲ್ಲಿ ಮಾತು ಆ ಫೋಟೋಕ್ಕೆ ಬಂದು ನಿಲ್ಲುತ್ತಿತ್ತು. ಆಕೆ ಇಡೀ ಮುದ್ದೆಯಲ್ಲಿ ಹುಡುಕಿ ಹುಡುಕಿ ಒಂದು ಚೆಂದದ ನಾರನ್ನೇ ಆರಿಸಿ ಫೋಟೋ ತೆಗೆಸಿದ್ದಾಳೆ, ಅದು ವಿಜ್ಞಾನವಲ್ಲ, ಸ್ವಯಂವರ ಎಂಬುದು ನನ್ನ ಸಿದ್ಧಾಂತ. ಹೆಂಡತಿ ಅದನ್ನು ಪೂರ್ತಿ ಕೇಳಿಸಿಕೊಂಡು, ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಹೇಳಿದಳು:

‘ಅಲ್ರಿ, ಕಣ್ಣಿಗೆ ಕಾಣದ ಕೂದಲಾ ಅದು. ಅದರ ಸಲುವಾಗಿ ಹೊಟ್ಟಿ ಉರ್ಕೊಳ್ಳೂ ಗಂಡ್ಸು ಈ ಹೈದರಾಬಾದನಾಗ ನೀವ ಒಬ್ರ ಇರಬೇಕು. ಉಣ್ರಿ.’

ಆಗ ನಾನು ತಿನ್ನುತ್ತಿದ್ದ ಪುಂಡಿಪಲ್ಯ ಬೀದರದಾಕಿಯೇ ಡಬ್ಬಿಯಲ್ಲಿ ಕಳಿಸಿದ್ದು ಎಂದು ಆಮೇಲೆ ಗೊತ್ತಾಯಿತು. ಅದು ಚೆನ್ನಾಗಿಯೂ ಇತ್ತು. ಅದು ಇನ್ನೊಂದು ತೊಂದರೆ.

ನಮ್ಮ ಪ್ರಯೋಗಾಲಯದಲ್ಲಿ ಒಂದು ಪದ್ಧತಿ ಇತ್ತು. ಹೊರಗೆ ಹೋಗುವ ಯಾವ ಕೆಲಸವನ್ನೂ ಮಾಡಿದವರೇ ಮುಗಿಸುವ ಹಾಗಿರಲಿಲ್ಲ. ಒಬ್ಬರು ಸಂಸ್ಕರಿಸಿದ ನಾರನ್ನು ಇನ್ನೊಬ್ಬರು ತೆಗೆದುಕೊಂಡು, ತಮ್ಮ ಕೈಯಿಂದ ಒಣಗಿಸಿ, ಫೋಟೋ ತೆಗೆಸಿ, ಮಾಲೀಕರ ಮುಂದೆ ಹೇಳಬೇಕು. ಅದನ್ನು ಎಲ್ಲರೂ ‘ಅದ್ಲಾಬದ್ಲಿ’ ಎನ್ನುತ್ತಿದ್ದರು. ಶುರುಮಾಡಿದವನು ನಾನೇ, ಎಷ್ಟೋ ವರ್ಷಗಳ ಹಿಂದೆ. ಸತ್ಯದ ರಕ್ಷಣೆಗಾಗಿ ಎಂದು ಆಗ ಭಾಷಣ ಮಾಡಿದ್ದೆ. ನನ್ನ ಕಣ್ಣು ತಪ್ಪಿಸಿ ಯಾರ ಕೆಲಸವೂ ಹೊರಗೆ ಹೋಗಬಾರದು ಎಂಬುದು ಅದರ ಭಾವಾರ್ಥ. ನನ್ನ ಕೆಲಸವೂ ಇನ್ನೊಬ್ಬರ ಕೈಗೆ ಹೋಗುತ್ತದೆ ಎಂಬುದನ್ನು ನಾನು ಅಷ್ಟಾಗಿ ಯೋಚಿಸಿರಲಿಲ್ಲ. ನನ್ನ ಕೆಳಗಿದ್ದವರೆಲ್ಲ ನಾನು ಕಲಿಸಿದ ಹಾಗೆಯೇ ಮಾಡುತ್ತಿದ್ದರು, ನನಗೆ ಬಂದ ಫಲಿತಾಂಶವೇ ಅವರಿಗೂ ಬರುತ್ತಿತ್ತು.

ಹಾಗೆ ಆಕೆಯ ಬಾಟಲಿ ನನ್ನ ಕೈಗೆ ಬಂತು, ನನ್ನದು ಆಕೆಯ ಕೈಗೆ ಹೋಯಿತು.

ನಾನು ಅಷ್ಟು ಶ್ರದ್ಧೆಯಿಂದ ಯಾವ ಕೆಲಸವನ್ನೂ ಮಾಡಿದ್ದು ನೆನಪಿಲ್ಲ. ಮೂಲೆಯ ಕೋಣೆಯಲ್ಲಿ ನನ್ನದೇ ಒಂದು ಹಳೆಯ ಸೀಲಿಂಗ್ ಫ್ಯಾನ್ ಇತ್ತು. ತಿರುಗುವಾಗ ಒಂದು ಕಡೆ ಸ್ವಲ್ಪ ಬಾಗಿ, ಯಾರಿಗೋ ನಮಸ್ಕಾರ ಮಾಡುತ್ತಿರುವ ಹಾಗೆ ಕಾಣುವಂಥದ್ದು. ಅದರ ಕೆಳಗೆ ಬ್ಲಾಟಿಂಗ್ ಕಾಗದ ಹಾಸಿ, ಆಕೆಯ ನಾರನ್ನು ಹರವಿ, ನಾನು ಸದಾ ಒಣಗಿಸುವ ಹಾಗೆ ಒಣಗಿಸಿದೆ. ಆರಿಸಲಿಲ್ಲ, ಹುಡುಕಲಿಲ್ಲ, ಕೈಗೆ ಸಿಕ್ಕ ನಾರನ್ನು ಫೋಟೋಕ್ಕೆ ಕಳಿಸಿದೆ.

ಚಿತ್ರ ಬಂತು. ನುಣ್ಣಗೆ! ಒಂದು ಎಳೆ ಇಲ್ಲ, ಒಂದು ರೋಮ ಇಲ್ಲ. ಬೇಸಿನ್ನಿನ ಪಕ್ಕದ ನನ್ನ ನಾರಿನ ಅವಳಿ ಸಹೋದರ. ಆ ಸಂಜೆ ನಾನು ಮೆಟ್ರೋದಲ್ಲಿ ನಿಂತುಕೊಂಡೇ ಬಂದೆ, ಆದರೂ ಕಾಲು ನೋಯಲಿಲ್ಲ. ಇಳಿದ ಮೇಲೆ ಹಿಮಾಯತ್‌ನಗರಕ್ಕೆ ಹೋಗಿ ಹೆಂಡತಿಗೆ ಇಷ್ಟವಾದ ಖಾರಾ ಬಿಸ್ಕತ್ತು ತಂದೆ. ಹೆಂಡತಿ ಪೊಟ್ಟಣವನ್ನೂ ನನ್ನ ಮುಖವನ್ನೂ ನೋಡಿ, ‘ಯಾರಿಗೆ ಕೆಟ್ಟದಾಗೈತಿ?’ ಎಂದು ಕೇಳಿದಳು.

ಮಿಲ್ಲಿನ ರಸಾಯನಜ್ಞರು ಬಂದ ದಿನ ಮಾಲೀಕರ ಕೋಣೆಯಲ್ಲಿ ನಾಲ್ವರು ಕೂತೆವು. ಹಿರಿಯನಾದ್ದರಿಂದ ಮೊದಲ ಮಾತು ನನ್ನದು. ನನಗೆ ತೆಲುಗಿನಲ್ಲಿ ಗಂಭೀರವಾಗಿ ಮಾತಾಡುವುದು ಬಹಳ ಚೆನ್ನಾಗಿ ಬರುತ್ತದೆ. ನನಗೆ ಗೊತ್ತಿರುವ ಕಡಿಮೆ ಶಬ್ದಗಳೇ ಅದಕ್ಕೆ ಕಾರಣ. ಮುಂಬಾಗಿಲಲ್ಲಿ ತೂಗುವ ಚಿತ್ರ ಸುಂದರವಾಗಿದೆ, ಆದರೆ ಅದ್ಲಾಬದ್ಲಿಯಲ್ಲಿ ಅದು ನಿಲ್ಲಲಿಲ್ಲ, ಪೆರಾಕ್ಸೈಡ್ ಕೊಟ್ಟ ನಾರಿನ ಮೇಲೆ ಒಂದು ಎಳೆಯೂ ಎದ್ದಿಲ್ಲ ಎಂದು ಹೇಳಿ, ಚಿತ್ರವನ್ನು ಮೇಜಿನ ಮೇಲೆ ಇಟ್ಟೆ. ಸ್ವಲ್ಪ ನಿಧಾನವಾಗಿಯೇ ಇಟ್ಟೆ.

ಮಾಲೀಕರ ಮುಖ ಸಣ್ಣದಾಯಿತು. ಮಿಲ್ಲಿನವರು ಚಿತ್ರವನ್ನು ಎತ್ತಿ ನೋಡಿ ಕೆಳಗಿಟ್ಟರು. ಎಲ್ಲರೂ ಆಕೆಯ ಕಡೆ ತಿರುಗಿದರು. ಆಕೆಯ ಕೈಯಲ್ಲಿ ಇನ್ನೂ ಬಿಚ್ಚದ ಒಂದು ಲಕೋಟೆ ಇತ್ತು. ಆಕೆ ನನ್ನ ಕಡೆ ತಿರುಗಿ, ಅವರಿಬ್ಬರಿಗೂ ಅರ್ಥವಾಗದ ಕನ್ನಡದಲ್ಲಿ, ಚಹಾಕ್ಕೆ ಸಕ್ಕರೆ ಬೇಕೇ ಎಂದು ಕೇಳುವ ದನಿಯಲ್ಲಿ ಕೇಳಿದಳು:

‘ಸರ, ನನ್ನ ನಾರು ಹ್ಯಾಂಗ ಒಣಗಿಸಿದ್ರಿ?’

‘ಹ್ಯಾಂಗಂದ್ರ? ಯಾವಾಗ್ಲೂ ಒಣಗಿಸೂಹಂಗ. ಫ್ಯಾನಿನ ಕೆಳಗ.’

ಆಕೆ ಲಕೋಟೆಯನ್ನು ನನ್ನ ಮುಂದೆ ಸರಿಸಿದಳು. ‘ನಾ ನಿಮ್ಮದು ಸ್ಪಿರಿಟ್‌ನಾಗ ಅದ್ದಿ ಒಣಗಿಸೀನ್ರಿ. ನೋಡ್ರಿ.’

ತೆಗೆದು ನೋಡಿದೆ. ನನ್ನ ನಾರು. ಕೆಳಗೆ ಗುರುತು ಇರದಿದ್ದರೆ ನಾನೇ ಅದನ್ನು ಗುರುತಿಸುತ್ತಿರಲಿಲ್ಲ. ಮೈತುಂಬ ಎಳೆ, ಒತ್ತಾಗಿ, ಋಷಿಯ ಗಡ್ಡದ ಹಾಗೆ. ಮುಂಬಾಗಿಲಿನ ಚಿತ್ರ ಇದರ ಮುಂದೆ ಮೀಸೆ ಮೂಡುತ್ತಿರುವ ಮುಖ.

‘ನೀರು ಆರೂವಾಗ ಆ ಎಳಿ ಎಲ್ಲಾ ಎಳಕೊಂಡು ಮಲಗಸಿಬಿಡತೈತ್ರಿ’ ಎಂದಳು ಆಕೆ, ಅದೇ ದನಿಯಲ್ಲಿ. ‘ತಲಿ ತೊಕ್ಕೊಂಡಾಗ ಕೂದಲ ಬುರಡಿಗೆ ಅಂಟ್ಕೊಂತಾವಲ್ರಿ, ಹಂಗ. ಆಮ್ಯಾಲ ಏಳೂದಿಲ್ಲ. ಸ್ಪಿರಿಟ್ ಹಂಗ ಎಳಿಯೂದಿಲ್ರಿ. ನಿಮ್ಮ ಸೋಡಾ ತಪ್ಪು ಮಾಡಿಲ್ಲ ಸರ. ನನ್ನ ಪೆರಾಕ್ಸೈಡೂ ಮಾಡಿಲ್ಲ.’

ಮಾಲೀಕರು ತೆಲುಗಿನಲ್ಲಿ, ಏನು ನಡೆಯುತ್ತಿದೆ, ನಮಗೂ ಹೇಳಿ ಎಂದರು.

‘ನೀವ ಹೇಳ್ರಿ ಅವರಿಗೆ’ ಎಂದು ಆಕೆ ಕೈಕಟ್ಟಿ ಕೂತಳು.

ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿ ಬಂದದ್ದು ಕೃತಜ್ಞತೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಬಂದದ್ದು ಕಪಾಟು. ಆ ಕಪಾಟಿನಲ್ಲಿ ಸಾಲಾಗಿ ನಿಂತ ನನ್ನ ವರದಿಗಳು, ಪ್ರತಿಯೊಂದರಲ್ಲೂ ನುಣ್ಣನೆಯ ನಾರಿನ ಫೋಟೋ, ಪ್ರತಿಯೊಂದರ ಕೆಳಗೂ ‘ಮೇಲ್ಮೈ ನಯವಾಗಿರುವುದು ಕಂಡುಬರುತ್ತದೆ’. ಸೋಡಾ ಎಬ್ಬಿಸಿದ್ದನ್ನೆಲ್ಲ ಫ್ಯಾನು ಮಲಗಿಸುತ್ತಿತ್ತು. ಇಷ್ಟು ವರ್ಷ ನಾನು ಭಕ್ತಿಯಿಂದ ತೆಗೆಸಿದ್ದು ಕಾಸ್ಟಿಕ್ ಸೋಡಾದ ಮಹಿಮೆಯ ಚಿತ್ರಗಳನ್ನಲ್ಲ, ಆ ಬಾಗಿದ ಸೀಲಿಂಗ್ ಫ್ಯಾನಿನ ಭಾವಚಿತ್ರಗಳನ್ನು. ಮಿಲ್ಲಿನವರು ಬೋಳು ನಾರನ್ನು ನೋಡಿ ಬೇರೆ ಕಡೆ ಹೋದದ್ದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಸ್ಪಿರಿಟ್ ಉಪಾಯ ಪರವೂರಿನ ಪ್ರಯೋಗಾಲಯಗಳಲ್ಲಿ ಮಾಡುತ್ತಾರೆಂದು ನಾನೂ ಕೇಳಿದ್ದೆ. ದುಡ್ಡಿದ್ದವರ ಶೋಕಿ ಎಂದುಕೊಂಡಿದ್ದೆ. ಈಕೆಯಾದರೂ ಮೊದಲೇ ಬಂದು ಹೇಳಬಾರದಿತ್ತೇ ಎಂದು ಸಿಟ್ಟು ಬಂತು. ನಾನು ಆ ವರದಿಗಳನ್ನು ಬರೆಯಲು ತೊಡಗಿದಾಗ ಆಕೆ ಬೀದರದಲ್ಲಿ ಮಗ್ಗಿ ಬಾಯಿಪಾಠ ಮಾಡುತ್ತಿದ್ದಿರಬೇಕು. ಅಲ್ಲಿಂದಲೇ ಒಂದು ಮಾತು ಹೇಳಿಕಳಿಸಬಹುದಿತ್ತು.

ನಾನು ಗಂಟಲು ಸರಿಮಾಡಿಕೊಂಡು ತೆಲುಗಿನಲ್ಲಿ ಹೇಳಿದೆ. ಒಣಗಿಸುವ ರೀತಿಯೇ ನಾರಿನ ಮೈಯನ್ನು ಬದಲಿಸುತ್ತದೆ, ಎರಡು ರೀತಿ ಒಣಗಿಸಿದ ನಾರುಗಳ ಚಿತ್ರವನ್ನು ಅಕ್ಕಪಕ್ಕ ಇಟ್ಟು ಸಂಸ್ಕರಣಗಳ ತೀರ್ಪು ಕೊಡಲಾಗದು, ನಮ್ಮ ಅದ್ಲಾಬದ್ಲಿ ಇವತ್ತು ಅದನ್ನು ತೋರಿಸಿದೆ ಎಂದೆ. ಪ್ರತಿ ವಾಕ್ಯವೂ ನಿಜ. ಫ್ಯಾನ್ ನನ್ನದು, ಸ್ಪಿರಿಟ್ ಆಕೆಯದು ಎಂಬುದನ್ನು ಹೇಳಿದೆನೋ ಇಲ್ಲವೋ ಎಂಬಷ್ಟು ಮೆಲ್ಲಗೆ ಹೇಳಿದೆ. ಮಾಲೀಕರು ಕುರ್ಚಿಗೆ ಒರಗಿ, ಹಳಬರನ್ನು ಇಟ್ಟುಕೊಳ್ಳಬೇಕಾದದ್ದು ಇದಕ್ಕೇ ಎಂದು ಮಿಲ್ಲಿನವರಿಗೆ ಹೇಳಿದರು. ಆಕೆ ನಗಲಿಲ್ಲ. ನಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಿಲ್ಲಿನವರು ಕೆಲಸ ಬಲ್ಲ ಮನುಷ್ಯ. ಫೋಟೋಗಳನ್ನೆಲ್ಲ ಒಂದು ಕಡೆ ಸರಿಸಿ, ಎರಡೂ ನಾರುಗಳಿಂದ ಒಂದೇ ರೀತಿ ಹಾಳೆ ಮಾಡಿ, ಹರಿದು ನೋಡಿ, ಗಟ್ಟಿಯಾದದ್ದನ್ನು ಕೊಡಿ ಎಂದರು. ಮಾಡಿದೆವು. ಆಕೆಯ ಹಾಳೆ ಬೆಳ್ಳಗೆ, ಚೆಂದಗೆ ಬಂತು. ನನ್ನದು ಗೋಧಿ ಹಿಟ್ಟಿನ ಬಣ್ಣದ್ದು. ಎಳೆಯುವ ಯಂತ್ರಕ್ಕೆ ಸಿಕ್ಕಿಸಿದಾಗ ಆಕೆಯದು ಮೊದಲು ಹರಿಯಿತು, ನನ್ನದು ಇನ್ನಷ್ಟು ತಡೆದುಕೊಂಡಿತು. ಈರುಳ್ಳಿಗೆ ಬಿಳುಪು ಬೇಕಾಗಿಲ್ಲ. ಗೆದ್ದದ್ದು ಸೋಡಾ.

ಮನೆಗೆ ಬಂದು ಆಕೆ ತೆಗೆಸಿದ ನನ್ನ ನಾರಿನ ಚಿತ್ರವನ್ನು ಹೆಂಡತಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

‘ಛಲೋ ಐತಲ್ರೀ. ಯಾರು ತೆಗಿಸಿದ್ದು?’

ನಾರು ನನ್ನದು ಎಂದೆ.

‘ಅದು ತಿಳೀತು. ಒಣಗಿಸಿದ್ದು ಯಾರು?’

ರಸಾಯನಶಾಸ್ತ್ರ ಓದದ ಹೆಂಗಸಿಗೆ ಸರಿಯಾದ ಪ್ರಶ್ನೆ ಎಲ್ಲಿಂದ ಹೊಳೆಯುತ್ತದೋ. ನಾನು ಕೈ ತೊಳೆಯಲು ಎದ್ದೆ. ಇನ್ನೂ ಊಟ ಶುರುವಾಗಿರಲಿಲ್ಲ.

ದೊಡ್ಡ ಯಂತ್ರದಲ್ಲಿ ಓಡಿಸುವ ದಿನ ನಾನು ಮಿಲ್ಲಿಗೆ ಹೋಗುವುದೆಂದಾಯಿತು. ಮಾಲೀಕರು ಆಕೆಯನ್ನೂ ಜೊತೆಗೆ ಕಳಿಸಿದರು. ದಾರಿಯುದ್ದಕ್ಕೂ ಕಾರಿನಲ್ಲಿ ನಾನು ಹತ್ತಿಯ ಹೊಲ ನೋಡುತ್ತಾ ಕೂತೆ. ಅಲ್ಲಿ ಎಲ್ಲರೂ ‘ಆ ಫೋಟೋ ತೆಗೆಸಿದ ಮೇಡಂ ಇವರೇನಾ’ ಎಂದು ಕೇಳುತ್ತಾರೆ, ನಾನು ಆಕೆಯ ಚೀಲ ಹಿಡಿದವನ ಹಾಗೆ ನಿಂತಿರಬೇಕಾಗುತ್ತದೆ ಎಂದು ಮುಂಚಿತವಾಗಿಯೇ ಸಂಕಟಪಟ್ಟೆ. ಹಾಗೆಯೇ ಆಯಿತು. ಬಾಗಿಲಲ್ಲೇ ಕೇಳಿದರು. ಅವರ ಕಚೇರಿಯ ಗೋಡೆಯ ಮೇಲೆ ಆಕೆ ತೆಗೆಸಿದ ನನ್ನ ನಾರಿನ ಚಿತ್ರ ಆಗಲೇ ಏರಿತ್ತು. ಆಕೆ ಮಾತ್ರ, ನಾರು ಸರ್ ಅವರದು ಎಂದು ತೆಲುಗಿನಲ್ಲಿ ಕೇಳಿದವರಿಗೆಲ್ಲ ಹೇಳುತ್ತಾ ಬಂದಳು. ಆ ಔದಾರ್ಯವನ್ನು ಕ್ಷಮಿಸಲು ನಾನು ನಿಜಕ್ಕೂ ಪ್ರಯತ್ನಿಸಿದೆ.

ಆಮೇಲೆ ಯಂತ್ರ ಓಡಿತು. ಅದನ್ನು ಹೇಗೆ ಹೇಳುವುದು? ಒಂದು ತುದಿಯಲ್ಲಿ ಗಂಜಿಯ ಹಾಗೆ ತೆಳ್ಳಗಿನ ಪಲ್ಪ್ ಜಾಲರಿಯ ಮೇಲೆ ಹರಿಯುತ್ತದೆ. ನೀರು ಕೆಳಗೆ ಸುರಿಯುತ್ತದೆ. ಒದ್ದೆ ಹಾಳೆ ಬಿಸಿ ಉರುಳೆಗಳ ಮೇಲೆ ಏರಿ ಇಳಿದು, ಆವಿಯಲ್ಲಿ ಮುಳುಗಿ, ಆ ತುದಿಯಲ್ಲಿ ಕಾಗದವಾಗಿ ಸುತ್ತಿಕೊಳ್ಳುತ್ತದೆ. ಒಣಗುವಾಗ ಎಳೆಗಳು ಇಲ್ಲೂ ಮಲಗುತ್ತವೆ, ಆದರೆ ಒಂದರ ಮೇಲೊಂದು, ಪಕ್ಕದವರನ್ನು ಹಿಡಿದುಕೊಂಡು ಮಲಗುತ್ತವೆ. ಮಲಗಬೇಕಾದ ಜಾಗ ಇದೇ. ನಾನು ಸುತ್ತಿಕೊಳ್ಳುವ ತುದಿಯಲ್ಲಿ ನಿಂತಿದ್ದೆ. ಗೋಧಿ ಬಣ್ಣದ ಕಾಗದ ಬರುತ್ತಲೇ ಇತ್ತು, ನಿಲ್ಲಲಿಲ್ಲ. ಕನ್ನಡಕಕ್ಕೆ ಆವಿ ಕೂತಿತು, ಒರೆಸಿಕೊಂಡೆ. ಎರಡನೆಯ ಸಲ ಒರೆಸಿಕೊಂಡಾಗಲೂ ಆವಿ ಎಂದೇ ಇಟ್ಟುಕೊಳ್ಳೋಣ.

ತಿರುಗಿ ನೋಡಿದರೆ ಪಕ್ಕದಲ್ಲಿ ಆಕೆ. ಕಾಗದವನ್ನು ನೋಡುತ್ತಿದ್ದ ಆ ನೋಟ ನನಗೆ ಎಲ್ಲೋ ಪರಿಚಯದ್ದು ಅನ್ನಿಸಿತು. ಬೇಸಿನ್ನಿನ ಮೇಲಿನ ಕನ್ನಡಿಯಲ್ಲಿ, ಮುಂಬಾಗಿಲ ಕಡೆಯಿಂದ ‘ಚಾಲಾ ಬಾಗುಂದಿ’ ಕೇಳಿಸಿದಾಗಲೆಲ್ಲ, ನಾನು ನೋಡಿದ್ದ ಮುಖ ಅದು. ನನ್ನದೇ ಮುಖ. ಎಂಥ ಆನಂದ! ಯಾವ ಶಾಲು, ಯಾವ ಹಾರವೂ ಅಷ್ಟು ಬೆಚ್ಚಗಿರಲಾರದು.

ಯಂತ್ರದ ಸದ್ದಿನ ಮೇಲೆ ಕೇಳಿಸುವ ಹಾಗೆ ಆಕೆ ಹತ್ತಿರ ಬಂದು ಹೇಳಿದಳು:

‘ಸರ, ಒಂದ್ ಮಾತ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನನಗ ಭಾಳ ಹೊಟ್ಟಿಕಿಚ್ಚ ಆಗಾಕತ್ತೈತಿ.’

ಹೇಳಿ ನಕ್ಕಳು. ಹೇಳಿದ್ದೇ ತಡ ಮುಖ ತಿಳಿಯಾಯಿತು, ಹೊರೆ ಇಳಿಸಿದವಳ ಹಾಗೆ. ನಾನು ಮುಂಬಾಗಿಲ ಫೋಟೋ ಏರಿದ ದಿನದಿಂದ ಹೊತ್ತುಕೊಂಡು, ಮೆಟ್ರೋದಲ್ಲಿ ತಂದು, ಊಟದ ತಾಟಿನ ಮುಂದೆ ಇಳಿಸಿ, ಮರುದಿನ ಮತ್ತೆ ಎತ್ತಿಕೊಂಡು ಹೋಗುತ್ತಿದ್ದುದನ್ನು ಆಕೆ ಒಂದು ವಾಕ್ಯದಲ್ಲಿ ಮುಗಿಸಿದಳು. ನನ್ನ ಆನಂದ ಅಲ್ಲಿಗೇ ಸೋರಿಹೋಯಿತು. ಹೀಗೆ ಹೇಳಿಬಿಡಬಲ್ಲ ಈಕೆಯ ಮೇಲೆ ನನಗೆ ಹೊಸದಾಗಿ, ಮೊದಲಿನದಕ್ಕಿಂತ ಗಟ್ಟಿಯಾಗಿ, ಹೊಟ್ಟೆಕಿಚ್ಚು ಹತ್ತಿಕೊಂಡಿತು.

ಮಿಲ್ಲಿನವರು ಸುರುಳಿಯ ಅಂಚಿನಿಂದ ಒಂದು ಪಟ್ಟಿ ಹರಿದುಕೊಟ್ಟರು, ನೋಡಿ ಎಂದು. ನಾನು ಒಂದು ತುದಿ ಹಿಡಿದೆ, ಆಕೆ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಎಳೆದೆವು. ಹರಿಯಲಿಲ್ಲ.

‘ಇನ್ನೂ ಜೋರ ಎಳೀರಿ ಸರ’ ಎಂದಳು.

ಎಳೆದೆ.